ಹೆಬ್ಬಾಳ ದಾಟೋದು ಎಷ್ಟೊತ್ತಿಗೆ? ಬೆಂಗಳೂರಿನ ಅಂಚಿನಿಂದ ಏರ್‌ಪೋರ್ಟ್ ದಾರಿಯ ಲೆಕ್ಕ

ಕೆಂಗೇರಿಯಲ್ಲೋ ಬೊಮ್ಮಸಂದ್ರದಲ್ಲೋ ಇರುವವರನ್ನು ‘ನಿಮ್ಮ ಮನೆಯಿಂದ ಏರ್‌ಪೋರ್ಟಿಗೆ ಎಷ್ಟು ಹೊತ್ತು?’ ಅಂತ ಕೇಳಿ ನೋಡಿ. ನೇರವಾದ ಉತ್ತರ ಸಿಗುವುದಿಲ್ಲ. ‘ಎಷ್ಟು ಗಂಟೆಗೆ ಹೊರಡ್ತೀರಿ?’ ಅಂತ ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಆಮೇಲೆ ‘ಶುಕ್ರವಾರನಾ?’, ‘ಮಳೆ ಏನಾದ್ರೂ ಇದೆಯಾ?’. ಎಲ್ಲ ವಿಚಾರಿಸಿಕೊಂಡ ಮೇಲೆ, ‘ಹೆಬ್ಬಾಳ ದಾಟಿಬಿಟ್ರೆ ಆಮೇಲೇನೂ ತೊಂದರೆ ಇಲ್ಲ’ ಅನ್ನುತ್ತಾರೆ. ಐವತ್ತು ಚಿಲ್ಲರೆ ಕಿಲೋಮೀಟರ್ ದೂರ ದಿನವೂ ಅಷ್ಟೇ ಇರುತ್ತದೆ. ಹಿಡಿಯುವ ಹೊತ್ತು ಮಾತ್ರ ಬೆಳಗಿನ ಜಾವ ನಾಲ್ಕಕ್ಕೆ ಒಂದೂಕಾಲು ಗಂಟೆ, ಸಂಜೆ ಆರಕ್ಕೆ ಎರಡೂವರೆ, ಕೆಟ್ಟ ದಿನವಾದರೆ ಮೂರು ಗಂಟೆ.

ಇದಕ್ಕೆ ನಮ್ಮಲ್ಲಿ ಸಿಗುವ ಮದ್ದು ಯಾವಾಗಲೂ ಒಂದೇ. ಇನ್ನೊಂದು ಫ್ಲೈಓವರ್, ಇನ್ನೊಂದು ಲೇನ್, ಈಗೀಗ ಸುರಂಗ. ಎಲ್ಲವೂ ಬೇಗ ತಲುಪಿಸುವ ಉಪಾಯಗಳು. ಆದರೆ ಊರಿನ ಅಂಚಿನಲ್ಲಿ ಇರುವವರಿಗೆ ವೇಗಕ್ಕಿಂತ ಜಾಸ್ತಿ ಬೇಕಿರುವುದು ‘ಇಷ್ಟು ಹೊತ್ತಿಗೆ ತಲುಪುತ್ತೇವೆ’ ಎಂಬ ಖಾತ್ರಿ. ಇವೆರಡೂ ಒಂದೇ ಅಂತ ಮೇಲ್ನೋಟಕ್ಕೆ ಕಾಣುತ್ತದೆ. ಒಂದೇ ಅಲ್ಲ.

ಲೆಕ್ಕ ಹಾಕಿ ನೋಡೋಣ. ಹತ್ತು ದಿನಗಳಲ್ಲಿ ಒಂಬತ್ತು ದಿನ ನಿಮ್ಮ ದಾರಿಗೆ ಒಂದೂವರೆ ಗಂಟೆ ಸಾಕು, ಹತ್ತನೇ ದಿನ ಮೂರು ಗಂಟೆ ಬೇಕು ಅಂತಿಟ್ಟುಕೊಳ್ಳಿ. ಸರಾಸರಿ ತೆಗೆದರೆ ಒಂದು ಗಂಟೆ ನಲವತ್ತು ನಿಮಿಷವೂ ಆಗುವುದಿಲ್ಲ. ಆದರೆ ಸರಾಸರಿ ನಂಬಿಕೊಂಡು ವಿಮಾನ ಹಿಡಿಯಲು ಯಾರಾದರೂ ಹೊರಡ್ತಾರಾ? ಆಫೀಸಿಗೆ ಅರ್ಧ ಗಂಟೆ ತಡವಾದರೆ ಹೇಗೋ ನಿಭಾಯಿಸಬಹುದು. ವಿಮಾನದ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಸಮಯಕ್ಕೆ ಒಂದು ಗಂಟೆ ಮೊದಲೇ ಮುಚ್ಚಿಬಿಡುತ್ತದೆ. ಎರಡು ನಿಮಿಷ ತಡವಾದರೂ ಟಿಕೆಟ್ ದುಡ್ಡು ಹೋದ ಹಾಗೆಯೇ. ಹಾಗಾಗಿ ಹತ್ತೂ ದಿನ ಮೂರು ಗಂಟೆಯ ಲೆಕ್ಕದಲ್ಲೇ ಮನೆ ಬಿಡಬೇಕು. ಒಂಬತ್ತು ದಿನ ಟರ್ಮಿನಲ್ ಒಳಗೆ ದುಬಾರಿ ಕಾಫಿ ಕುಡಿಯುತ್ತಾ ಸುಮ್ನೆ ಕೂರಬೇಕು. ಹೊಸ ಫ್ಲೈಓವರ್ ಬಂದು ಆ ಒಂಬತ್ತು ದಿನಗಳಲ್ಲಿ ಹತ್ತು ನಿಮಿಷ ಉಳಿಸಿತು ಅಂದುಕೊಳ್ಳಿ. ಹತ್ತನೇ ದಿನದ ಜಾಮ್ ಹಾಗೇ ಇದ್ದರೆ ನೀವು ಅಲಾರಂ ಇಡುವ ಹೊತ್ತು ಒಂದು ನಿಮಿಷವೂ ಮುಂದೆ ಹೋಗುವುದಿಲ್ಲ.

ಕೆಲಸ ಒಂದು ದಿಕ್ಕಿಗೆ, ನಿಲ್ದಾಣ ಇನ್ನೊಂದು ದಿಕ್ಕಿಗೆ

2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ಎಂ.ಜಿ. ರಸ್ತೆಯಿಂದ ಆಟೊ ಹತ್ತಿ ಹೋಗಬಹುದಾದ ದೂರ. ಮೇ 24ಕ್ಕೆ ದೇವನಹಳ್ಳಿ ನಿಲ್ದಾಣ ಶುರುವಾಯಿತು, ಎಚ್‌ಎಎಲ್ ಸಾಮಾನ್ಯ ಪ್ರಯಾಣಿಕರ ಪಾಲಿಗೆ ಮುಚ್ಚಿತು. ಮುಚ್ಚಬೇಡಿ ಅಂತ ಆಗ ದೊಡ್ಡ ಕೂಗೆದ್ದಿತ್ತು, ನಡೆಯಲಿಲ್ಲ. 2004ರಲ್ಲಿ ಕೇಂದ್ರ ಸರ್ಕಾರ ನಿಲ್ದಾಣ ಕಟ್ಟುವ ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದದಲ್ಲೇ ಅದು ಇತ್ತು. ಮೈಸೂರು, ಹಾಸನ ಬಿಟ್ಟರೆ 150 ಕಿ.ಮೀ. ಒಳಗೆ ಇನ್ನೊಂದು ವಿಮಾನ ನಿಲ್ದಾಣ 25 ವರ್ಷ ಬರಬಾರದು ಎಂಬ ಷರತ್ತೂ ಅದರಲ್ಲೇ ಇದೆ. ಆ ಗಡುವು ಮುಗಿಯುವುದು 2033ಕ್ಕೆ.

ದೇವನಹಳ್ಳಿ ದೂರ ಅಂತ ಆಗಿನವರನ್ನು ನಾನು ಬೈಯುವುದಿಲ್ಲ. ಸುಮಾರು 4,000 ಎಕರೆ ಜಾಗ ಒಂದೇ ಕಡೆ ಊರೊಳಗೆ ಎಲ್ಲಿ ಸಿಗುತ್ತದೆ? 2024–25ರಲ್ಲಿ ಈ ನಿಲ್ದಾಣದಿಂದ ಓಡಾಡಿದವರು ಸುಮಾರು 4.19 ಕೋಟಿ ಜನ. ಎಚ್‌ಎಎಲ್‌ನಲ್ಲಿ ಇಷ್ಟು ಜನ ನಿಲ್ಲಲೂ ಜಾಗ ಇರುತ್ತಿರಲಿಲ್ಲ.

ತಪ್ಪು ಆಗಿದ್ದು ಬೇರೆ ಕಡೆ. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಕಂಪನಿ ಕಿಯೋನಿಕ್ಸ್ 1970ರ ದಶಕದ ಕೊನೆಯಲ್ಲೇ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತ್ತು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಎಂಬ ಐಟಿ ಪಾರ್ಕ್ ಬಂತು. ಆಮೇಲೆ ಬೆಳ್ಳಂದೂರು, ಮಾರತ್‌ಹಳ್ಳಿಯ ಹೊರವರ್ತುಲ ರಸ್ತೆ ಪೂರ್ತಿ ಆಫೀಸುಗಳಾದವು. ಅಂದರೆ ವಿಮಾನ ಹತ್ತುವ ಜನ ಇರುವುದು, ದುಡಿಯುವುದು ದಕ್ಷಿಣಕ್ಕೆ ಮತ್ತು ಪೂರ್ವಕ್ಕೆ. ನಿಲ್ದಾಣ ಹೋಗಿದ್ದು ಉತ್ತರದ ತುದಿಗೆ. ಇದು ಗೊತ್ತಿದ್ದೂ ಎರಡನ್ನೂ ಜೋಡಿಸುವ ರೈಲು ಹಾಕದೆ ನಿಲ್ದಾಣದ ಬಾಗಿಲು ತೆಗೆದರು. ಕಬ್ಬನ್ ರಸ್ತೆಯ ಮಿನ್ಸ್ಕ್ ಸ್ಕ್ವೇರ್ ಹತ್ತಿರದಿಂದ ದೇವನಹಳ್ಳಿಗೆ ಹೈಸ್ಪೀಡ್ ರೈಲು ಹಾಕುವ ಯೋಜನೆ ಆ ಕಾಲದಲ್ಲೇ ತಯಾರಾಗಿತ್ತು. ಕಡತದಿಂದ ಹೊರಗೆ ಬರಲಿಲ್ಲ. ದೆಹಲಿಯಲ್ಲಿ ಏರ್‌ಪೋರ್ಟ್ ಮೆಟ್ರೊ 2011ರಲ್ಲೇ ಓಡಿತು. ಚೆನ್ನೈನಲ್ಲಿ ನಿಲ್ದಾಣದ ಎದುರಿಗೇ ತಿರುಸೂಲಂ ಲೋಕಲ್ ರೈಲು ಸ್ಟೇಷನ್ ಇದೆ, 2016ರಿಂದ ಮೆಟ್ರೊ ಕೂಡ ಇದೆ. ನಮ್ಮ ಟರ್ಮಿನಲ್ ಬಾಗಿಲಿಗೆ ಹಳಿ ಇನ್ನೂ ಬರಬೇಕು.

ರೈಲು ಇಲ್ಲದ ಮೇಲೆ ಎಲ್ಲರೂ ಬಳ್ಳಾರಿ ರಸ್ತೆಗೇ ಬೀಳುತ್ತಾರೆ. ಬೀಳುವ ಜಾಗ ಹೆಬ್ಬಾಳ. ಪೂರ್ವದಿಂದ ಕೆ.ಆರ್. ಪುರ, ನಾಗವಾರದ ಕಡೆಯವರು, ಪಶ್ಚಿಮದಿಂದ ಗೊರಗುಂಟೆಪಾಳ್ಯದ ಕಡೆಯವರು, ಊರೊಳಗಿಂದ ಮೇಖ್ರಿ ವೃತ್ತದ ಕಡೆಯವರು, ಮೂರೂ ಕಡೆಯವರು ಇಲ್ಲೇ ಸೇರಬೇಕು. ಒಂದು ಬದಿಗೆ ಕೆರೆ, ಕೆಳಗೆ ರೈಲು ಹಳಿ, ರಸ್ತೆ ಅಗಲ ಮಾಡಲು ಜಾಗವೇ ಕಡಿಮೆ. ಇದನ್ನು ದಾಟಿದರೆ 2014ರಲ್ಲಿ ತೆರೆದ ಮೇಲ್ಸೇತುವೆ ಯಲಹಂಕದ ಕಡೆಗೆ ಎತ್ತಿಕೊಂಡು ಹೋಗುತ್ತದೆ. ವಾಪಸ್ ಬರುವಾಗ ಕಷ್ಟ ಇನ್ನೂ ಜಾಸ್ತಿ. ಅಷ್ಟಗಲದ ಹೆದ್ದಾರಿಯಲ್ಲಿ ಜೋರಾಗಿ ಬಂದ ಗಾಡಿಗಳೆಲ್ಲ ಹಳೇ ಫ್ಲೈಓವರಿನ ಕಿರಿದಾದ ಬಾಯಿಗೆ ನುಗ್ಗಬೇಕು. 2025ರ ಆಗಸ್ಟ್‌ನಲ್ಲಿ ಕೆ.ಆರ್. ಪುರದ ಕಡೆಯಿಂದ ಮೇಖ್ರಿ ವೃತ್ತದ ಕಡೆಗೆ ಹೊಸ ಲೂಪ್ ತೆರೆದಿದ್ದಾರೆ. ಅನುಕೂಲ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಊರೊಳಗೆ ಹೋಗುವವರಿಗೆ ಆದ ಅನುಕೂಲ.

ಇದನ್ನು ಗಮನಿಸಬೇಕು. ಏರ್‌ಪೋರ್ಟ್ ಹೆಸರಲ್ಲಿ ಹಾಕುವ ಯೋಜನೆಗಳಲ್ಲಿ ಬಹಳಷ್ಟು ಊರಿನ ನಡುಮಧ್ಯದವರನ್ನು ಮನಸ್ಸಲ್ಲಿಟ್ಟುಕೊಂಡು ಬಂದವು. 2016ರ ಸ್ಟೀಲ್ ಫ್ಲೈಓವರ್ ನೆನಪಿದೆಯಲ್ಲಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ., 1,791 ಕೋಟಿ ರೂಪಾಯಿ, ಎಂಟುನೂರಕ್ಕೂ ಹೆಚ್ಚು ಮರ. ಆ ಅಕ್ಟೋಬರ್‌ನಲ್ಲಿ ಜನ ಕೈ ಕೈ ಹಿಡಿದು ಬೀದಿಯಲ್ಲಿ ನಿಂತರು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಚರ್ಚೆ ಎಲ್ಲ ಮರಗಳ ಸುತ್ತ, ದುಡ್ಡಿನ ಸುತ್ತ ನಡೆಯಿತು. ಅದೂ ಸರಿಯೇ. ಆದರೆ ಆ ಸೇತುವೆಯಿಂದ ಕೆಂಗೇರಿಯವರಿಗೆ ಏನು ಸಿಗುತ್ತಿತ್ತು? ಎಲೆಕ್ಟ್ರಾನಿಕ್ ಸಿಟಿಯವರಿಗೆ? ಅವರು ಬಸವೇಶ್ವರ ವೃತ್ತದ ಮುಖವನ್ನೇ ನೋಡುವುದಿಲ್ಲ. ಹೊರವರ್ತುಲ ರಸ್ತೆ ಹಿಡಿದು ನೇರ ಹೆಬ್ಬಾಳಕ್ಕೆ ಬರುತ್ತಾರೆ. ಸೇತುವೆ ಆಗಿದ್ದರೆ ಊರೊಳಗಿನ ಗಾಡಿಗಳು ಅವರಿಗಿಂತ ಮೊದಲೇ ಹೆಬ್ಬಾಳಕ್ಕೆ ಬಂದು ನಿಂತಿರುತ್ತಿದ್ದವು, ಅಷ್ಟೇ.

ಈಗಿನ ಸುರಂಗ ರಸ್ತೆ ಕನಿಷ್ಠ ದಕ್ಷಿಣದವರನ್ನಾದರೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿ.ಮೀ., 17 ಸಾವಿರ ಕೋಟಿಗೂ ಮೇಲಿನ ಅಂದಾಜು. ಕಾರಿರುವವರಿಗೆ, ಟೋಲ್ ಕಟ್ಟುವವರಿಗೆ ದಾರಿ. ಆದರೆ ಅದರ ಎರಡು ತುದಿಗಳನ್ನು ನೋಡಿ. ಬೆಂಗಳೂರಿನಲ್ಲಿ ಜಾಮ್‌ಗೆ ಅತಿ ಹೆಸರಾದ ಎರಡು ಜಾಗಗಳನ್ನೇ ಆರಿಸಿಕೊಂಡ ಹಾಗಿದೆ. ಒಳಗೆ ಎಷ್ಟು ವೇಗವಾಗಿ ಬಂದರೂ ಹೊರಗೆ ಬರಬೇಕಾದ್ದು ಅಲ್ಲೇ ಅಲ್ವಾ?

ಆಕಾಶದ ದಾರಿಯನ್ನೂ ನಾವು ಬಿಟ್ಟಿಲ್ಲ. 2018ರ ಮಾರ್ಚ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದ ಏರ್‌ಪೋರ್ಟಿಗೆ ಹೆಲಿಕಾಪ್ಟರ್ ಶುರುವಾಗಿತ್ತು. ಹದಿನೈದು ನಿಮಿಷ, ತೆರಿಗೆ ಸೇರಿ ನಾಲ್ಕು ಸಾವಿರ ರೂಪಾಯಿಯ ಆಸುಪಾಸು. ಬಹಳ ಕಾಲ ಬಾಳಲಿಲ್ಲ. ವಿಮಾನದ ಟಿಕೆಟ್‌ಗಿಂತ ವಿಮಾನ ಹತ್ತಲು ಹೋಗುವ ಟಿಕೆಟ್ ದುಬಾರಿಯಾದರೆ ಯಾರು ಹತ್ತುತ್ತಾರೆ?

ಸದ್ಯಕ್ಕೆ ಕೈಗೆ ಸಿಗುವುದು: ಬಸ್ಸು, ಟ್ಯಾಕ್ಸಿ

ಇಷ್ಟು ವರ್ಷ ಈ ದಾರಿಯ ಭಾರ ಹೊತ್ತಿದ್ದು ಬಿಎಂಟಿಸಿಯ ವಾಯು ವಜ್ರ ಬಸ್ಸುಗಳು. ನಿಲ್ದಾಣ ಶುರುವಾದ ವರ್ಷದಿಂದಲೇ ಓಡುತ್ತಿವೆ. ಮೆಜೆಸ್ಟಿಕ್‌ನಿಂದ ಕೆಐಎ-9, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಕೆಐಎ-8, ಹೀಗೆ ಬೇರೆ ಬೇರೆ ದಿಕ್ಕಿಗೆ. ಎಸಿ ಇದೆ, ಲಗೇಜಿಗೆ ಜಾಗ ಇದೆ, ಚಾಲಕರಿಗೆ ದಾರಿ ಬಾಯಿಪಾಠ. ಸರ್ಕಾರಿ ಸೇವೆಗಳಲ್ಲಿ ಮೆಚ್ಚಬೇಕಾದ ಒಂದನ್ನು ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಹಾಗಿದ್ದೂ ಜನ ಟ್ಯಾಕ್ಸಿಗೆ ಯಾಕೆ ಹೋಗುತ್ತಾರೆ? ದುಡ್ಡಿನ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. 2024ರಲ್ಲಿ ಸರ್ಕಾರ ಆ್ಯಪ್ ಟ್ಯಾಕ್ಸಿಗೂ ಸಿಟಿ ಟ್ಯಾಕ್ಸಿಗೂ ಒಂದೇ ದರ ಮಾಡಿತು. ಹತ್ತು ಲಕ್ಷದೊಳಗಿನ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಶೇ 10 ಹೆಚ್ಚು, ಟೋಲ್ ಬೇರೆ. ಮನೆ ಬಾಗಿಲಿಂದ 60 ಕಿ.ಮೀ. ಅಂದುಕೊಂಡರೆ 1,444 ರೂಪಾಯಿ. ಬೆಳಗಿನ ವಿಮಾನಕ್ಕೆ ಹೊರಟರೆ ಸಾವಿರದ ಆರುನೂರರ ಹತ್ತಿರ, ಸಾದಹಳ್ಳಿ ಟೋಲ್ ಇನ್ನೂ ಸೇರಿಲ್ಲ. ಬಸ್ಸಿನ ಟಿಕೆಟ್ ಇದರ ಕಾಲು ಭಾಗದ ಆಸುಪಾಸು. ಒಬ್ಬರೇ ಹೋದರೆ ಬಸ್ಸು ಭಾರಿ ಲಾಭ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಹೊರಟರೆ ಎರಡೂ ಹೆಚ್ಚುಕಡಿಮೆ ಸಮ. ಸಮ ಅಂದಮೇಲೆ ಬೆಳಗಿನ ಜಾವ ಮೂರಕ್ಕೆ ಮಕ್ಕಳನ್ನು ಎಬ್ಬಿಸಿಕೊಂಡು, ಮೂರು ಸೂಟ್‌ಕೇಸ್ ಎಳೆದುಕೊಂಡು ಬಸ್ ಸ್ಟಾಪ್‌ಗೆ ಯಾರು ಹೋಗುತ್ತಾರೆ?

ಆ ಬಸ್ ಸ್ಟಾಪ್ ತನಕದ ದಾರಿಯೇ ಅಂಚಿನವರ ದೊಡ್ಡ ತಲೆನೋವು. ಕೆಐಎ-8 ಹೋಗುವುದು ಮುಖ್ಯ ರಸ್ತೆಯಲ್ಲಿ. ಮನೆ ಇರುವುದು ಮೂರು ನಾಲ್ಕು ಕಿಲೋಮೀಟರ್ ಒಳಗೆ, ಯಾವುದೋ ಲೇಔಟ್‌ನಲ್ಲಿ. ಹಗಲು ಹೊತ್ತಾದರೆ ಆಟೊ ಸಿಗುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಮೀಟರಿಗೆ ಒಂದೂವರೆ ಪಟ್ಟು ಅಂತ ನಿಯಮ ಇದೆ. ಮೀಟರ್ ಹಾಕುವ ಆಟೊ ಸಿಕ್ಕಿದರೆ ತಾನೇ ನಿಯಮದ ಮಾತು! ರಾತ್ರಿ ಒಂದು ಗಂಟೆಗೆ ಬಸ್ಸಿಳಿದು ಒಬ್ಬಳೇ ಆಟೊ ಹುಡುಕುವ ಹೆಣ್ಣುಮಗಳಿಗೆ ಎಸಿ ಬಸ್ಸಿನ ಸುಖ ಅಲ್ಲಿಗೇ ಮುಗಿಯುತ್ತದೆ. ಹೀಗಾಗಿ ಐವತ್ತು ಕಿಲೋಮೀಟರಿಗೆ ಒಳ್ಳೆಯ ಬಸ್ಸಿದ್ದರೂ ಕೊನೆಯ ಮೂರು ಕಿಲೋಮೀಟರಿಗೆ ಹೆದರಿ ಜನ ಪೂರ್ತಿ ದಾರಿಗೆ ಟ್ಯಾಕ್ಸಿ ಮಾಡುತ್ತಾರೆ.

ಟ್ಯಾಕ್ಸಿ ಓಡಿಸುವವರ ಕಷ್ಟ ಬೇರೆ. ‘ಸಾರ್, ಡ್ರಾಪ್ ಎಲ್ಲಿ?’ ಅಂತ ಫೋನ್ ಮಾಡಿ ಕೇಳಿ ಕ್ಯಾನ್ಸಲ್ ಮಾಡಿದಾಗ ನಮಗೆ ಸಿಟ್ಟು ಬರುತ್ತದೆ. ಅವರ ಕಡೆಯಿಂದ ನೋಡಿದರೆ, ಏರ್‌ಪೋರ್ಟಿಗೆ ಬಿಟ್ಟ ಮೇಲೆ ಅಲ್ಲಿ ಸಾಲಿನಲ್ಲಿ ಗಂಟೆಗಟ್ಟಲೆ ಕಾಯಬೇಕು. ಇಲ್ಲವಾದರೆ ಖಾಲಿ ಗಾಡಿ ಓಡಿಸಿಕೊಂಡು ಬರಬೇಕು. ಕಾದು ಸಿಕ್ಕಿದ ಬಾಡಿಗೆ ಯಲಹಂಕದ್ದಾದರೆ ಅರ್ಧ ದಿನ ಹೋಯಿತು. ಹಾಗಾಗಿ ಬಾಡಿಗೆಗೆ ಬೇಡಿಕೆ ಇಲ್ಲದ ಹೊತ್ತಲ್ಲಿ ದೂರದ ಡ್ಯೂಟಿ ಅವರಿಗೆ ಹಬ್ಬ, ಬೇಡಿಕೆ ಇರುವ ಹೊತ್ತಲ್ಲಿ ಅದೇ ಡ್ಯೂಟಿ ಬೇಡ. ನಮಗೆ ಗಾಡಿ ಬೇಕಾಗುವುದು ಯಾವಾಗಲೂ ಆ ಎರಡನೇ ಹೊತ್ತಲ್ಲೇ.

ಅಂದಹಾಗೆ, ಹೆಬ್ಬಾಳ ತಪ್ಪಿಸುವ ದಾರಿಗಳು ಇಲ್ಲವೇ ಇಲ್ಲ ಅಂತಲ್ಲ. ವೈಟ್‌ಫೀಲ್ಡ್, ಹೊಸಕೋಟೆ ಕಡೆಯವರು ಬೂದಿಗೆರೆ ಮೇಲೆ ಹೋಗುತ್ತಾರೆ. ಪೂರ್ವ ಬೆಂಗಳೂರಿನವರಿಗೆ ಹೆಣ್ಣೂರು–ಬಾಗಲೂರು ರಸ್ತೆ ಇದೆ, ಟೋಲ್ ಇಲ್ಲ. ಕೆಂಗೇರಿಯವರು ನೈಸ್ ರಸ್ತೆಯಲ್ಲಿ ತುಮಕೂರು ರಸ್ತೆಗೆ ಬಂದು ಒಳದಾರಿಗಳಲ್ಲಿ ಯಲಹಂಕ ಸೇರುವುದುಂಟು. ಆದರೆ ಇವೆಲ್ಲ ಕಾರಿನವರ ದಾರಿಗಳು. ಬಸ್ಸು ನಂಬಿದವರಲ್ಲಿ ಹೆಚ್ಚಿನವರು ಹೆಬ್ಬಾಳವನ್ನೇ ನಂಬಬೇಕು.

ಹಳಿ ಇದೆ, ರೈಲೂ ಇದೆ, ಆದರೂ

ಬಹಳ ಜನಕ್ಕೆ ಗೊತ್ತೇ ಇಲ್ಲದ ಒಂದು ಸಂಗತಿ: ಏರ್‌ಪೋರ್ಟ್ ಪಕ್ಕದಲ್ಲಿ ಈಗಲೇ ಒಂದು ರೈಲು ನಿಲ್ದಾಣ ಇದೆ. ಯಲಹಂಕ–ಚಿಕ್ಕಬಳ್ಳಾಪುರ ಹಳಿಯ ಮೇಲೆ, ದೊಡ್ಡಜಾಲ ಆದ ಮೇಲೆ, ‘ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹಾಲ್ಟ್’. 2021ರ ಜನವರಿ 4ರಿಂದ ರೈಲು ನಿಲ್ಲುತ್ತಿದೆ. ಅಲ್ಲಿಂದ ಟರ್ಮಿನಲ್‌ಗೆ ಶಟಲ್ ಬಸ್ಸಿನ ಏರ್ಪಾಡಿದೆ. ರೈಲಿನ ಟಿಕೆಟ್‌ಗೆ ಟರ್ಮಿನಲ್ ಒಳಗಿನ ಒಂದು ಕಾಫಿಯ ದುಡ್ಡೂ ಬೇಡ. ಹೆಬ್ಬಾಳದ ಜಾಮ್‌ಗೂ ಈ ರೈಲಿಗೂ ಸಂಬಂಧವೇ ಇಲ್ಲ.

ಮತ್ತೆ ಯಾಕೆ ಖಾಲಿ? ದಿನಕ್ಕೆ ಬೆರಳೆಣಿಕೆಯ ರೈಲುಗಳು. ಯಲಹಂಕದಿಂದ ಆಚೆಗೆ ಒಂಟಿ ಹಳಿ, ಎದುರಿನಿಂದ ರೈಲು ಬಂದರೆ ಇದು ನಿಲ್ಲಬೇಕು. ರೈಲು ಬರುವ ಹೊತ್ತಿಗೂ ವಿಮಾನ ಹೊರಡುವ ಹೊತ್ತಿಗೂ ತಾಳಮೇಳ ಇಲ್ಲ. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಆಗ ಟ್ಯಾಕ್ಸಿಯೇ ಗತಿ, ಅದೂ ಅರ್ಧ ದಾರಿಯಿಂದ. ಮತ್ತೆ ಅದೇ ಖಾತ್ರಿಯ ಪ್ರಶ್ನೆ. ಅಗ್ಗದ ರೈಲಿದ್ದೂ ವಿಮಾನ ಹತ್ತುವವರು ಅದನ್ನು ನಂಬುವ ಹಾಗಿಲ್ಲ.

ಆದರೆ ಈ ರೈಲನ್ನು ನಂಬಿಕೊಂಡಿರುವವರೂ ಇದ್ದಾರೆ. ಏರ್‌ಪೋರ್ಟ್ ಅಂದಕೂಡಲೇ ನಮ್ಮ ಕಣ್ಣಿಗೆ ಸೂಟ್‌ಕೇಸ್ ಹಿಡಿದವರು ಬರುತ್ತಾರೆ. ಅಲ್ಲಿಗೆ ದಿನಾ ಹೋಗಿಬರುವವರು ಬೇರೆ. ಸೆಕ್ಯೂರಿಟಿಯವರು, ಕ್ಲೀನಿಂಗ್‌ನವರು, ಲಗೇಜು ಹೊರುವವರು, ಅಂಗಡಿಗಳ ಹುಡುಗ ಹುಡುಗಿಯರು, ಕಾರ್ಗೋದವರು. ಸಾವಿರಾರು ಜನ, ಮೂರು ಪಾಳಿ. ವರ್ಷಕ್ಕೆ ನಾಲ್ಕು ಸಲ ವಿಮಾನ ಹತ್ತುವ ನನ್ನಂಥವರಿಗೆ ಒಂದು ದಿನ ಸಾವಿರದ ಆರುನೂರು ರೂಪಾಯಿ ಹೋದರೆ ಬೇಜಾರು, ಅಷ್ಟೇ. ತಿಂಗಳ ಸಂಬಳದಲ್ಲಿ ಬದುಕುವ ಆ ಹುಡುಗಿಗೆ ಹೋಗಿಬರುವ ಖರ್ಚೇ ಕೆಲಸ ಇಟ್ಟುಕೊಳ್ಳಬೇಕಾ ಬಿಡಬೇಕಾ ಅನ್ನುವುದನ್ನು ತೀರ್ಮಾನಿಸುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ತೆಗೆದುಹಾಕಿತು. ವಾಯು ವಜ್ರಕ್ಕೆ ಅದು ಇಲ್ಲ. ಹಾಗಾಗಿ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ಕೆಲಸಗಾರರಿಗೆ ಸಾಮಾನ್ಯ ಬಸ್ಸು, ಈ ಪುಟ್ಟ ರೈಲು, ಇವೇ ಆಧಾರ. ರೈಲಿನ ವೇಳಾಪಟ್ಟಿಯನ್ನು ಪಾಳಿ ಬದಲಾಗುವ ಹೊತ್ತಿಗೆ ಹೊಂದಿಸಿದರೆ ಸಾಕು, ದಿನವೂ ತುಂಬಿಕೊಂಡು ಓಡುತ್ತದೆ. ಹಾಗೆ ತುಂಬಿದ ರೈಲಿಗೆ ಇನ್ನೊಂದು ರೈಲು ಕೇಳುವುದು ಸುಲಭ. ವಿಮಾನ ಹತ್ತುವವರಿಗೆ ಅನುಕೂಲ ಆಗುವುದು ಅದರ ಹಿಂದೆಯೇ.

ರೈಲಿನ ನಕ್ಷೆ ತೆಗೆದು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೆಂಗೇರಿಯಲ್ಲಿ ರೈಲು ಸ್ಟೇಷನ್ ಇದೆ. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರ ಹೀಲಲಿಗೆ ಇದೆ. ವೈಟ್‌ಫೀಲ್ಡ್‌ನಲ್ಲಿ ಇದೆ. ಎಲ್ಲ ಹಳಿಗಳೂ ಒಂದಲ್ಲ ಒಂದು ಕಡೆ ಯಲಹಂಕಕ್ಕೆ ಕೂಡಿಕೊಳ್ಳುತ್ತವೆ. ಮೆಜೆಸ್ಟಿಕ್ ಸುತ್ತಮುತ್ತ ಹಳಿಗಳು ದೂರದ ರೈಲುಗಳಿಂದ ತುಂಬಿಹೋಗಿವೆ ಎಂಬುದು ನಿಜ. ಅದಕ್ಕೆ ಅಂತಲೇ ಉಪನಗರ ರೈಲು ಯೋಜನೆ ಬಂದದ್ದು. 148 ಕಿ.ಮೀ., ನಾಲ್ಕು ಮಾರ್ಗ, 15,767 ಕೋಟಿ ರೂಪಾಯಿ. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು, 40 ತಿಂಗಳ ಗಡುವು ಹೇಳಿದರು. ಆ 40 ತಿಂಗಳು 2025ರಲ್ಲೇ ಮುಗಿದವು. ಒಂದು ಮಾರ್ಗದಲ್ಲೂ ರೈಲು ಓಡಲಿಲ್ಲ. ನಾಲ್ಕರಲ್ಲಿ ‘ಸಂಪಿಗೆ’ ಅಂತ ಹೆಸರಿಟ್ಟ 41 ಕಿ.ಮೀ. ಮಾರ್ಗವೇ ಮೆಜೆಸ್ಟಿಕ್‌ನಿಂದ ಯಲಹಂಕ ಮೇಲೆ ದೇವನಹಳ್ಳಿಗೆ ಹೋಗುವುದು. ಮೊದಲು ಕೈಗೆತ್ತಿಕೊಂಡದ್ದು ‘ಮಲ್ಲಿಗೆ’ ಮತ್ತು ‘ಕನಕ’ ಮಾರ್ಗಗಳನ್ನು. ಸಂಪಿಗೆ ಹಿಂದೆ ಬಿತ್ತು. ಮೆಟ್ರೊ ಹೇಗೂ ಬರುತ್ತದಲ್ಲ, ಎರಡೆರಡು ಯಾಕೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ನನಗೆ ಒಪ್ಪಿಗೆಯಾಗದ ಮಾತು. ಯಾಕೆ ಅನ್ನುವುದು ಮೆಟ್ರೊ ದಾರಿ ನೋಡಿದರೆ ಗೊತ್ತಾಗುತ್ತದೆ.

ನೀಲಿ ಮಾರ್ಗ ಬಂದಮೇಲೆ

ನೀಲಿ ಮಾರ್ಗ ಅಂದರೆ ಏರ್‌ಪೋರ್ಟಿಗೆ ಹೋಗುವ ಮೆಟ್ರೊ: ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಅಲ್ಲಿಂದ ನಾಗವಾರ, ಹೆಬ್ಬಾಳ, ಯಲಹಂಕ, ಏರ್‌ಪೋರ್ಟ್. ಒಟ್ಟು 58 ಕಿ.ಮೀ., ಮೂವತ್ತರಷ್ಟು ನಿಲ್ದಾಣ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 14,788 ಕೋಟಿಗೆ ಒಪ್ಪಿಗೆ ಕೊಟ್ಟಿತು. ಮೊದಲು ಯೋಚಿಸಿದ್ದ ದಾರಿ ನಾಗವಾರದಿಂದ ಆರ್.ಕೆ. ಹೆಗಡೆ ನಗರ, ಜಕ್ಕೂರಿನ ಮೇಲೆ ಹೋಗುತ್ತಿತ್ತು. ಅಲ್ಲಿ ನೆಲದಡಿ ಪೆಟ್ರೋಲಿಯಂ ಪೈಪ್‌ಲೈನ್ ಅಡ್ಡ ಬಂತು ಅಂತ ಹೆಬ್ಬಾಳದ ಕಡೆ ತಿರುಗಿಸಿದರು. ಮುಗಿಯುವ ಗಡುವು ಹಲವು ಸಲ ಮುಂದೆ ಹೋಗಿದೆ. ಏರ್‌ಪೋರ್ಟ್ ತನಕದ ಭಾಗಕ್ಕೆ ಈಚೆಗೆ ಕೇಳುತ್ತಿರುವುದು 2027ರ ಮಾತು.

ಇದು ವೇಗದ ರೈಲು ಆಗಿರುವುದಿಲ್ಲ. ನೇರಳೆ ಮಾರ್ಗದ 43 ಕಿ.ಮೀ.ಗೆ ಈಗ ಒಂದೂಕಾಲು ಗಂಟೆಗೂ ಮೇಲೆ ಹಿಡಿಯುತ್ತದೆ. ಅದೇ ಲೆಕ್ಕ ಹಿಡಿದರೆ ಸಿಲ್ಕ್ ಬೋರ್ಡ್‌ನಿಂದ ಏರ್‌ಪೋರ್ಟಿಗೆ ಒಂದೂವರೆ ಗಂಟೆ ದಾಟುತ್ತದೆ. ಬೊಮ್ಮಸಂದ್ರದವರು 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಹತ್ತಿ, ಸಿಲ್ಕ್ ಬೋರ್ಡ್‌ನಲ್ಲಿ ಬದಲಿಸಿ ಹೋದರೆ ಎರಡು ಗಂಟೆಯೇ. ದೆಹಲಿಯ ಏರ್‌ಪೋರ್ಟ್ ಮಾರ್ಗದಲ್ಲಿ ನಿಲ್ದಾಣಗಳನ್ನು ಕೈಬೆರಳಲ್ಲಿ ಎಣಿಸಬಹುದು. ನ್ಯೂಡೆಲ್ಲಿ ಸ್ಟೇಷನ್‌ನಲ್ಲೇ ಕೆಲವು ವಿಮಾನ ಕಂಪನಿಗಳ ಲಗೇಜು ಒಪ್ಪಿಸಿ ಬರಿಗೈಯಲ್ಲಿ ಹೋಗುವ ಏರ್ಪಾಡೂ ಅಲ್ಲಿ ಬಂತು. ನಮ್ಮದು ಹಾಗಲ್ಲ, ಆಫೀಸಿಗೆ ಹೋಗುವವರ ರೈಲೇ ಮುಂದೆ ಹೋಗಿ ಏರ್‌ಪೋರ್ಟಿಗೆ ನಿಲ್ಲುತ್ತದೆ.

ಅದಕ್ಕೆ ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ಹೊರವರ್ತುಲ ರಸ್ತೆಯ ಆಫೀಸಿನವರು ದಿನವೂ ಹತ್ತಿದರೆ ಮಾತ್ರ ಐದು–ಹತ್ತು ನಿಮಿಷಕ್ಕೊಂದು ರೈಲು ಓಡಿಸಲು ಸಾಧ್ಯ. ಬರೀ ವಿಮಾನದವರನ್ನು ನಂಬಿದರೆ ಅರ್ಧ ಗಂಟೆಗೊಂದು. ಮುಖ್ಯವಾಗಿ, ಆ ಎರಡು ಗಂಟೆ ಶುಕ್ರವಾರ ಸಂಜೆಯೂ ಎರಡೇ ಗಂಟೆ, ಮಳೆ ಬಂದರೂ ಎರಡೇ ಗಂಟೆ. ರಾತ್ರಿ ಟ್ಯಾಕ್ಸಿಯಲ್ಲಿ ಒಂದೂಕಾಲು ಗಂಟೆಗೆ ಹೋಗಬಹುದು ನಿಜ. ಸಂಜೆಯ ದಾರಿಗೆ ಮೂರು ಗಂಟೆ ಇಟ್ಟುಕೊಂಡು ಹೊರಡುವವರು ಎರಡು ಗಂಟೆ ಇಟ್ಟುಕೊಂಡರೆ ಸಾಕು ಅನ್ನುವುದು ಸಣ್ಣ ಲಾಭ ಅಲ್ಲ.

ಆದರೆ ಎರಡು ತೊಡಕು ಉಳಿಯುತ್ತವೆ. ಒಂದು, ಪಶ್ಚಿಮ. ಕೆಂಗೇರಿ, ರಾಜರಾಜೇಶ್ವರಿ ನಗರ, ಮಾಗಡಿ ರಸ್ತೆಯವರು ನೀಲಿ ಮಾರ್ಗ ಹಿಡಿಯಬೇಕಾದರೆ ನೇರಳೆ ಮಾರ್ಗದಲ್ಲಿ ಊರಿಡೀ ದಾಟಿ ಪೂರ್ವದ ಕೆ.ಆರ್. ಪುರಕ್ಕೆ ಹೋಗಿ, ಅಲ್ಲಿಂದ ಉತ್ತರಕ್ಕೆ ತಿರುಗಬೇಕು. ಅವರು ಹಾಗೆ ಮಾಡುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದು ಕೆಐಎ-9 ಹತ್ತುತ್ತಾರೆ, ಈಗ ಮಾಡುವ ಹಾಗೆಯೇ. ಜೆ.ಪಿ. ನಗರದಿಂದ ಪಶ್ಚಿಮದ ಹೊರವರ್ತುಲ ರಸ್ತೆ ಮೇಲೆ ಕೆಂಪಾಪುರಕ್ಕೆ ಬರುವ ಮೂರನೇ ಹಂತಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಅದು ಓಡುವ ಹೊತ್ತಿಗೆ ಈಗ ಶಾಲೆಗೆ ಹೋಗುವ ಮಕ್ಕಳು ಕೆಲಸಕ್ಕೆ ಸೇರಿರುತ್ತಾರೇನೋ. ಸಂಪಿಗೆ ಮಾರ್ಗ ಬೇಕು ಅನ್ನುವುದು ಇದಕ್ಕೇ. ಮೆಜೆಸ್ಟಿಕ್‌ಗೆ ಬಂದ ಪಶ್ಚಿಮದವರನ್ನು ನೇರ ಉತ್ತರಕ್ಕೆ ಒಯ್ಯುವ ಹಳಿ ಅದೊಂದೇ.

ಇನ್ನೊಂದು, ಹೊತ್ತು. ನಮ್ಮ ಮೆಟ್ರೊ ಸಾಮಾನ್ಯವಾಗಿ ಬೆಳಿಗ್ಗೆ ಐದಕ್ಕೆ ಶುರು, ಭಾನುವಾರ ಏಳಕ್ಕೆ. ರಾತ್ರಿ ಹನ್ನೊಂದರ ಸುಮಾರಿಗೆ ಕೊನೆಯ ರೈಲು. ಐದಕ್ಕೆ ಬೊಮ್ಮಸಂದ್ರದಲ್ಲಿ ಹತ್ತಿದವರು ಏರ್‌ಪೋರ್ಟ್ ತಲುಪುವುದು ಏಳಕ್ಕೆ. ಅಂದರೆ ಎಂಟೂವರೆಗಿಂತ ಮೊದಲಿನ ವಿಮಾನಗಳಿಗೆ ಅಂಚಿನವರ ಪಾಲಿಗೆ ಮೆಟ್ರೊ ಇಲ್ಲ. ಬೆಳಿಗ್ಗೆ ಐದರಿಂದ ಎಂಟರ ನಡುವೆ ಬೆಂಗಳೂರಿಂದ ಎಷ್ಟು ವಿಮಾನಗಳು ಹೊರಡುತ್ತವೆ ಅಂತ ಆ ಹೊತ್ತಿನ ಸೆಕ್ಯೂರಿಟಿ ಸಾಲು ಕಂಡವರಿಗೆ ಗೊತ್ತು. ಇಡೀ ರಾತ್ರಿ ಮೆಟ್ರೊ ಓಡಿಸಿ ಅನ್ನುವುದು ಸರಿಯಲ್ಲ, ಹಳಿ ನೋಡಿಕೊಳ್ಳಲು ಅವರಿಗೆ ರಾತ್ರಿಯ ಆ ಕೆಲವು ಗಂಟೆ ಬೇಕೇ ಬೇಕು. ಹಾಗಾಗಿ ಮೆಟ್ರೊ ಬಂದಮೇಲೆ ವಾಯು ವಜ್ರ ಕಡಿಮೆ ಮಾಡುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡುವುದು ಒಳ್ಳೆಯದು. ಹಗಲಿನ ಬಸ್ಸುಗಳನ್ನು ಕಡಿಮೆ ಮಾಡಿ, ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ ಜಾಸ್ತಿ ಮಾಡಲಿ. ಆ ಹೊತ್ತಲ್ಲಿ ರಸ್ತೆ ಖಾಲಿ ಇರುತ್ತದೆ, ಬಸ್ಸು ಮುಖ್ಯ ರಸ್ತೆ ಬಿಟ್ಟು ಲೇಔಟ್‌ಗಳ ಒಳಗೆ ಸುತ್ತಿ ಬಂದರೂ ತಡವಾಗುವುದಿಲ್ಲ. ಕೊನೆಯ ಮೂರು ಕಿಲೋಮೀಟರಿನ ಭಯಕ್ಕೆ ಇದಕ್ಕಿಂತ ಅಗ್ಗದ ಮದ್ದು ನನಗೆ ಕಾಣುವುದಿಲ್ಲ.

ಲಗೇಜಿನ ವಿಷಯವೂ ಇದೆ. ಈಗಿನ ನಿಯಮದಲ್ಲಿ ಮೆಟ್ರೊದಲ್ಲಿ ದೊಡ್ಡ ಬ್ಯಾಗಿಗೆ 30 ರೂಪಾಯಿ ಹೆಚ್ಚುವರಿ ಕೊಡಬೇಕು. ಏರ್‌ಪೋರ್ಟಿಗೆ ಹೋಗುವ ರೈಲಿನಲ್ಲೂ ಬ್ಯಾಗ್ ಅಳೆಯುತ್ತಾ ನಿಂತರೆ ನಗೆಪಾಟಲಾಗುತ್ತದೆ.

ಇದೆಲ್ಲದರ ನಡುವೆ ಎರಡನೇ ವಿಮಾನ ನಿಲ್ದಾಣದ ಮಾತು ಜೋರಾಗಿದೆ. 2024ರಲ್ಲಿ ತಮಿಳುನಾಡು ಸರ್ಕಾರ ಹೊಸೂರಿನಲ್ಲಿ 2,000 ಎಕರೆಯ ನಿಲ್ದಾಣ ಕಟ್ಟುತ್ತೇವೆ ಎಂದಿತು. ಎಲೆಕ್ಟ್ರಾನಿಕ್ ಸಿಟಿಯವರಿಗೆ ದೇವನಹಳ್ಳಿಗಿಂತ ಅದು ಎಷ್ಟೋ ಹತ್ತಿರ, ತಮಿಳುನಾಡಿನ ಕಣ್ಣಿರುವುದೂ ಆ ಪ್ರಯಾಣಿಕರ ಮೇಲೆಯೇ. ಕರ್ನಾಟಕ ತನ್ನ ಕಡೆಯಿಂದ ಕನಕಪುರ ರಸ್ತೆಯ ಹಾರೋಹಳ್ಳಿ ಸುತ್ತ ಎರಡು ಜಾಗ, ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ ಒಂದು ಜಾಗ ತೋರಿಸಿದೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಕೊಂಡು ಹೋಯಿತು. ಯಾವ ಜಾಗ ಅನ್ನುವ ಜಗಳ ಇನ್ನೂ ಕೆಲವು ವರ್ಷ ನಡೆಯುತ್ತದೆ, ನಡೆಯಲಿ. ಹಾರೋಹಳ್ಳಿಗೆ ಹೋದರೆ ಯಲಹಂಕದವರಿಗೆ ದೂರ, ಕುಣಿಗಲ್ ರಸ್ತೆಗೆ ಹೋದರೆ ವೈಟ್‌ಫೀಲ್ಡ್‌ನವರಿಗೆ ದೂರ. ನಿಲ್ದಾಣ ಎಲ್ಲಿಗೆ ಹೋದರೂ ಯಾರಿಗಾದರೂ ಅರವತ್ತು ಕಿಲೋಮೀಟರ್ ಆಗಿಯೇ ಆಗುತ್ತದೆ. ಈ ಸಲವಾದರೂ ರನ್‌ವೇಯ ನಕ್ಷೆಯ ಜೊತೆಯಲ್ಲೇ ರೈಲಿನ ನಕ್ಷೆಯನ್ನೂ ಇಟ್ಟು, ಎರಡಕ್ಕೂ ಒಂದೇ ದಿನ ದುಡ್ಡು ಮಂಜೂರು ಮಾಡಿ ಅಂತ ಕೇಳಬೇಕು. ಜಾಗ ಗೊತ್ತಾದ ಮೇಲೆ ಕೇಳೋಣ ಅಂದರೆ ಅಷ್ಟರಲ್ಲಿ ಸುತ್ತಲಿನ ನೆಲದ ಬೆಲೆ ಆಕಾಶಕ್ಕೆ ಏರಿರುತ್ತದೆ, ಹಳಿಗೆ ಜಾಗ ಇರುವುದಿಲ್ಲ.